ಇಸ್ತ್ರಿಯಮ್ಮನ ಎಡಗೈ

ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ: ಕೈಕಟ್ಟು ಸಿಸ್ಟರ್. ಎದುರಿಗೆ ಯಾರೂ ಅನ್ನುವುದಿಲ್ಲ, ಅಷ್ಟು ಧೈರ್ಯ ಯಾರಿಗೂ ಇಲ್ಲ. ರೋಗಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿರುವಾಗ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ, ಅದಕ್ಕೇ ಈ ಹೆಸರು. ನೋಡಲು ಬಂದ ನೆಂಟರು ಇವಳೇನು ಹೆಂಗಸೋ ಕಲ್ಲೋ ಅಂತ ಗೊಣಗುತ್ತಾರೆ. ಕಟ್ಟಿಕೊಳ್ಳದೇ ಹೋದರೆ ಕೈ ತಾನಾಗಿಯೇ ಗುಂಡಿಯ ಕಡೆ ಹೋಗಿಬಿಡುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಆದರೂ ಹೋಗುತ್ತದೆ.

ರೋಗಿಯ ಕೈಲಿ ಆಗುವುದನ್ನು ನಾವು ಮಾಡಬಾರದು. ನನ್ನ ವಿದ್ಯೆ ಇಷ್ಟೇ. ಲಕ್ವ ಹೊಡೆದವರ ಹತ್ತಿರ ಹೋದದ್ದಕ್ಕೆ ಅಳಲು ಊರೆಲ್ಲ ಬರುತ್ತದೆ, ಉಳಿದದ್ದು ಏನು ಅಂತ ಹುಡುಕಲು ಯಾರಾದರೂ ಒಬ್ಬರು ಬೇಕಲ್ಲ. ಒಂದು ಬೆರಳು ಆಡುತ್ತಿದ್ದರೆ ಆ ಬೆರಳಿಗೆ ಕೆಲಸ ಕೊಡಬೇಕು. ಇವತ್ತು ನಾವು ಕರುಣೆಯಿಂದ ಒಂದು ಗುಂಡಿ ಹಾಕಿದರೆ ನಾಳೆ ಆ ಬೆರಳೂ ಮಲಗುತ್ತದೆ. ಅತಿ ಸ್ನೇಹ ಗತಿ ಕೇಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ವಾರ್ಡಿನಲ್ಲಿ ಹನ್ನೆರಡು ಮಂಚ. ಒಬ್ಬರಿಗೆ ಆರು ವಾರ. ಅಷ್ಟರೊಳಗೆ ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವಂತಾದರೆ ಮುಂದಿನ ಗೇಟಿನಿಂದ ಮನೆಗೆ. ಆಗದಿದ್ದರೆ ಅಂಗಳ ದಾಟಿ ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡದಲ್ಲಿ ಯಾರಿಗೂ ಏನೂ ಕಷ್ಟವಿಲ್ಲ. ಮುಖ ಒರೆಸುತ್ತಾರೆ, ತಿನ್ನಿಸುತ್ತಾರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಅಲ್ಲಿಂದ ನಡೆದುಕೊಂಡು ಹೊರಗೆ ಬಂದವರನ್ನು ನಾನಂತೂ ಕಂಡಿಲ್ಲ.

ಪ್ರತಿ ಮಂಚದ ಕಾಲ ಬುಡದಲ್ಲಿ ಒಂದು ಕಾರ್ಡು ತೂಗುತ್ತಿರುತ್ತದೆ. ಹನ್ನೊಂದು ಕೆಲಸ: ಏಳುವುದು, ಕೂರುವುದು, ಕುರ್ಚಿಗೆ ಬರುವುದು, ಕಕ್ಕಸಿಗೆ ಹೋಗುವುದು, ಅಂಗಿ ಹಾಕಿಕೊಳ್ಳುವುದು, ಉಣ್ಣುವುದು, ಹೀಗೆ. ಎದುರಿಗೆ ಮೂರು ಕಲಂ: ತಾನೇ, ಆಸರೆ ಕೊಟ್ಟರೆ, ಪೂರ್ತಿ ನಾವೇ. ಆ ಕಾರ್ಡು ಮಾಡಿದವಳು ನಾನು. ಅದರ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಇಸ್ತ್ರಿಯಮ್ಮ ಬಂದದ್ದು ಸ್ಟ್ರೆಚರ್ ಮೇಲೆ. ಅರವತ್ತೇಳು ವಯಸ್ಸು. ಯಾವುದೋ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮೇಜು ಹಾಕಿಕೊಂಡು ನಲವತ್ತು ವರ್ಷ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದವರು. ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಎತ್ತಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಪಕ್ಕದ ಅಂಗಡಿಯವನು ಬಂದು ನೋಡುವ ಹೊತ್ತಿಗೆ ನೆಲದ ಮೇಲಿದ್ದರಂತೆ, ಮೇಜಿನ ಮೇಲೆ ಯಾರದೋ ಅಂಗಿ ಸುಟ್ಟು ಹೊಗೆಯಾಡುತ್ತಿತ್ತಂತೆ. ಬಲಗೈ ಪೂರ್ತಿ ಹೋಗಿತ್ತು, ಬಲಗಾಲು ಮುಕ್ಕಾಲು. ಮಾತಿನಲ್ಲಿ ಉಳಿದದ್ದು ಎರಡೇ: 'ಬೇಡ' ಮತ್ತು 'ದರಿದ್ರದ್ದು'. ಲಕ್ವ ಹೊಡೆದ ಬಾಯಲ್ಲಿ ದೇವರ ಹೆಸರು ಹೋಗುತ್ತದೆ, ಮಕ್ಕಳ ಹೆಸರು ಹೋಗುತ್ತದೆ, ಬೈಗುಳ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ.

ಅವರಿಗಿದ್ದವಳು ಒಬ್ಬಳೇ ಮಗಳು. ನಲವತ್ತರ ಆಸುಪಾಸು, ಬಸ್ ಸ್ಟ್ಯಾಂಡಿನ ಟಿಕೆಟ್ ಕಿಟಕಿಯಲ್ಲಿ ಕೆಲಸ, ಮದುವೆಯಿಲ್ಲ. ಮೊದಲ ದಿನವೇ ನನ್ನ ಮುಂದೆ ನಿಂತು ನೇರವಾಗಿ ಹೇಳಿದಳು:

"ಸಿಸ್ಟರ್, ಮನೆ ಅಂದ್ರೆ ಒಂದು ರೂಮು. ನಾನು ಏಳು ಗಂಟೆಗೆ ಹೋದ್ರೆ ಬರೋದು ಐದಕ್ಕೆ. ಅಷ್ಟು ಹೊತ್ತು ಅಮ್ಮ ಒಬ್ಬಳೇ ಇರಬೇಕು. ತಾನೇ ಎದ್ದು, ತಾನೇ ಹೋಗಿ ಬಂದು, ಮುಚ್ಚಿಟ್ಟಿದ್ದನ್ನ ತಾನೇ ಉಣ್ಣೋ ಹಾಗಾದ್ರೆ ಕರ್ಕೊಂಡು ಹೋಗ್ತೀನಿ. ಆಗದೇ ಇದ್ರೆ ನನ್ನ ಕೈಲಿ ಆಗಲ್ಲ."

ಕೇಳಿ ನನಗೆ ಖುಷಿಯಾಯಿತು. ಎಷ್ಟೋ ಮಕ್ಕಳು ಕಣ್ಣೀರು ಸುರಿಸಿ 'ನಮ್ಮಮ್ಮನ್ನ ಅಂಗೈಲಿಟ್ಟು ನೋಡ್ಕೋತೀವಿ' ಅಂತ ಹೇಳಿ ಮತ್ತೆ ಮುಖ ತೋರಿಸುವುದಿಲ್ಲ. ಇವಳು ಉಪ್ಪು ಖಾರ ಹಚ್ಚದೆ ಮಾತಾಡಿದಳು.

"ಆಗುತ್ತೆ ಬಿಡಮ್ಮ," ಅಂದೆ. "ಎಡಗೈ ಚೆನ್ನಾಗಿದೆ. ಬುದ್ಧಿ ಚೆನ್ನಾಗಿದೆ. ಹಟ ಹೇಗಿದೆ?"

"ಅದನ್ನ ಕೇಳಲೇಬೇಡಿ," ಅಂದಳು ಮಗಳು, ನಗದೆ.

ಶುರುವಾಯಿತು. ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗೆದ್ದ ಕೈ ಮೊದಲು, ಇದು ನಮ್ಮ ವಾರ್ಡಿನ ಅ ಆ ಇ ಈ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಹರಡಿದ ಅಂಗಿಯ ತೋಳಿನೊಳಗೆ ತೂರಿಸಬೇಕು, ಆಮೇಲೆ ಭುಜಕ್ಕೆ ಎಳೆದುಕೊಳ್ಳಬೇಕು, ಆಮೇಲೆ ಗುಂಡಿ. ಮೊದಲ ದಿನ ಇಸ್ತ್ರಿಯಮ್ಮನಿಗೆ ಅಂಗಿ ಹಾಕಿಕೊಳ್ಳಲು ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ನನ್ನನ್ನು 'ದರಿದ್ರದ್ದು, ದರಿದ್ರದ್ದು' ಅನ್ನುತ್ತಲೇ ಇದ್ದರು. ಪಕ್ಕದ ಮಂಚದವರು ಕಿವಿ ಮುಚ್ಚಿಕೊಂಡರು. ಕೊನೆಗೆ ನಾಲ್ಕು ಗುಂಡಿ ತಪ್ಪು ತೂತಿನಲ್ಲಿ ಕೂತವು. ಅವರು ಬಗ್ಗಿ ನೋಡಿಕೊಂಡರು, ನಲವತ್ತು ವರ್ಷ ಊರಿನ ಅಂಗಿಗಳನ್ನು ನೋಡಿದ ಕಣ್ಣಲ್ಲವೇ, ತಾವೇ ಬಿಚ್ಚಿ ಮತ್ತೆ ಶುರು ಮಾಡಿದರು. ಆಗಲೇ ನನಗೆ ಇವರ ಮೇಲೆ ಅಕ್ಕರೆ ಹುಟ್ಟಿತು.

ಎರಡನೇ ವಾರ ಒಂದು ರಾಶಿ ತಲೆದಿಂಬಿನ ಚೀಲ ತಂದು ಅವರ ಮುಂದೆ ಸುರಿದೆ. "ಮಡಿಸಿ," ಅಂದೆ. ಅವರು ಒಂದು ಚೀಲದ ಅಂಚನ್ನು ಗಲ್ಲದ ಕೆಳಗೆ ಒತ್ತಿಕೊಂಡರು, ಎಡಗೈಯಿಂದ ಉದ್ದಕ್ಕೆ ಎಳೆದರು, ಮೇಜಿಗೆ ಇಳಿಸಿದರು. ಬಟ್ಟೆ ಜಾರಿತು. ಸ್ವಲ್ಪ ಹೊತ್ತು ಯೋಚಿಸಿ, ಸೋತ ಬಲಗೈಯನ್ನು ಮಣಿಕಟ್ಟು ಹಿಡಿದು ಎತ್ತಿ ಬಟ್ಟೆಯ ಮೇಲೆ ಭಾರಕ್ಕೆ ಇಟ್ಟರು. ಆಮೇಲೆ ಎಡಗೈ ಸಲೀಸಾಗಿ ಓಡಿತು. ಸತ್ತ ಕೈಯನ್ನೂ ಪುಕ್ಕಟೆ ಕೂರಿಸದ ಹೆಂಗಸು! ನಾನು ಯಾರಿಗೂ ಕಲಿಸಿರಲಿಲ್ಲ ಅದನ್ನು, ಆಮೇಲಿನಿಂದ ಎಲ್ಲರಿಗೂ ಕಲಿಸಿದೆ. ನಮ್ಮ ಲಾಂಡ್ರಿಯವರು ಮಡಿಸಿ ಕಳಿಸಿದ್ದನ್ನು ಇಸ್ತ್ರಿಯಮ್ಮ ಎರಡು ಬೆರಳಲ್ಲಿ ಎತ್ತಿ ನೋಡಿ 'ದರಿದ್ರದ್ದು' ಅಂತ ಪಕ್ಕಕ್ಕೆ ಎಸೆಯುತ್ತಿದ್ದರು. ಲಾಂಡ್ರಿಯವನು ಮೂರು ದಿನ ನಮ್ಮ ವಾರ್ಡಿನ ಕಡೆ ಬರಲಿಲ್ಲ.

ಮೂರನೇ ವಾರದ ಹೊತ್ತಿಗೆ ಅವರು ಒಳ್ಳೆಯ ಪಾದವನ್ನು ಸೋತ ಪಾದದ ಕೆಳಗೆ ಕೊಕ್ಕೆ ಹಾಕಿ ಎರಡೂ ಕಾಲನ್ನು ಮಂಚದಿಂದ ಇಳಿಸುತ್ತಿದ್ದರು. ಕೋಲು ಹಿಡಿದು ಕಕ್ಕಸಿನ ತನಕ ಹೋಗುತ್ತಿದ್ದರು. ಊಟಕ್ಕೆ ಚಮಚದ ಹಿಡಿಗೆ ಬ್ಯಾಂಡೇಜು ಸುತ್ತಿ ದಪ್ಪ ಮಾಡಿಕೊಟ್ಟಿದ್ದೆ, ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಗಂಜಿ ಅರ್ಧ ಎದೆಯ ಮೇಲೆ, ಅರ್ಧ ಬಾಯಿಗೆ. ಆದರೂ ತಾವೇ ಉಂಡು ತಾವೇ ಒರೆಸಿಕೊಳ್ಳುತ್ತಿದ್ದರು. ಕಾರ್ಡಿನಲ್ಲಿ 'ತಾನೇ' ಕಲಂ ತುಂಬುತ್ತಾ ಬಂದಿತ್ತು.

ಮಗಳು ಬರುತ್ತಿದ್ದದ್ದು ಭಾನುವಾರ ಮಾತ್ರ. ಬಂದರೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ತುದಿಯಲ್ಲಿ ಕೂರುತ್ತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ತಾಯಿ ಮಗಳು ಮುಟ್ಟಿಕೊಂಡದ್ದನ್ನು ಯಾರೂ ನೋಡಿರಲಿಲ್ಲ. ಭಾನುವಾರ ನನಗೆ ರಜೆ, ಇದನ್ನೆಲ್ಲ ಹೇಳುತ್ತಿದ್ದವಳು ನಮ್ಮ ಆಯಾ. ಅವಳ ಹೆಸರು ಬೇರೆ ಏನೋ ಇದೆ, ಯಾರನ್ನು ಕಂಡರೂ 'ಅಯ್ಯೋ ಪಾಪ' ಅನ್ನುವುದರಿಂದ ಇಡೀ ಆಸ್ಪತ್ರೆಗೆ ಅವಳು ಪಾಪಮ್ಮ. ಒಳ್ಳೆಯವಳು. ಒಳ್ಳೆಯತನದಿಂದಲೇ ನನ್ನ ಪ್ರಾಣ ತಿನ್ನುತ್ತಿದ್ದಳು.

ಒಂದು ಸೋಮವಾರ ಬಂದು ಕಾರ್ಡು ನೋಡಿದರೆ, ಊಟದ ಸಾಲಿನಲ್ಲಿ ಪಾಪಮ್ಮನ ಸೊಟ್ಟ ಅಕ್ಷರ: 'ಮಗಳು ತಿನ್ನಿಸಿದರು'.

"ಯಾರು ಹೇಳಿದ್ದು ನಿನಗೆ?" ಅಂತ ಗದರಿಸಿದೆ.

"ಅಯ್ಯೋ ಪಾಪ, ಇಬ್ಬರೂ ಮೂಕಬಸವರ ಹಾಗೆ ಕೂತಿದ್ರು ಸಿಸ್ಟರ್. ನೋಡೋಕಾಗ್ಲಿಲ್ಲ. ಮಗಳಲ್ವಾ, ನೀವೇ ಒಂದು ತುತ್ತು ಕೊಡಿ ಅಂತ ಚಮಚ ಅವರ ಕೈಗೆ ಕೊಟ್ಟೆ. ಆಯಮ್ಮ ಬಾಯಿ ತೆರೆದು ಹಾಗೇ ಅತ್ತುಬಿಟ್ರು. ತಟ್ಟೆ ಪೂರ್ತಿ ಖಾಲಿ ಆಯ್ತು."

ಮುಂದಿನ ಭಾನುವಾರವೂ ಅದೇ. ಸೋಮವಾರದಿಂದ ಶನಿವಾರದವರೆಗೆ ಚಮಚ ಹಿಡಿದು ಉಣ್ಣುವ ಹೆಂಗಸು ಭಾನುವಾರ ಮಗಳು ಬಂದ ಕೂಡಲೇ ಎಡಗೈಯನ್ನು ಮಡಿಲಲ್ಲಿ ಬಿಟ್ಟುಕೊಂಡು ಬಾಯಿ ತೆರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾನು ವಾರವಿಡೀ ಕಟ್ಟಿದ್ದನ್ನು ಇವರು ಒಂದು ಮಧ್ಯಾಹ್ನದಲ್ಲಿ ಕೆಡವುತ್ತಿದ್ದರು. ಇನ್ನು ಎರಡು ವಾರದ ಮೇಲೆ ಒಂದೆರಡು ದಿನ ಉಳಿದಿತ್ತು, ಡಾಕ್ಟರು ಬಂದು ನೋಡುವುದು ಮಗಳ ಮುಂದೆಯೇ. ಮಗಳ ಮುಂದೆ ಉಣ್ಣದಿದ್ದರೆ ಹಿಂದಿನ ಕಟ್ಟಡವೇ ಗತಿ.

ಐದನೇ ಭಾನುವಾರ ರಜೆ ಬಿಟ್ಟು ನಾನೇ ಬಂದೆ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, "ಚಮಚ ಮುಟ್ಟಬೇಡಿ. ಅವರೇ ಉಣ್ಣಲಿ," ಅಂದೆ. ತಟ್ಟೆ ಇಟ್ಟೆವು. ಇಸ್ತ್ರಿಯಮ್ಮ ಚಮಚದ ಕಡೆ ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಾ ಕೂತರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಗಂಜಿ ಕೆನೆ ಕಟ್ಟಿತು. ಮಗಳ ಕೈ ಚಡಪಡಿಸುತ್ತಿತ್ತು, ನಾನು ಕಣ್ಣಲ್ಲೇ ಬೇಡ ಅಂದೆ. ಅರ್ಧ ಗಂಟೆಯ ಮೇಲೆ ಅವಳು ಎದ್ದು ನಿಂತಳು.

"ಸಾಕು ಮಾಡಿ ಸಿಸ್ಟರ್!" ಇಡೀ ವಾರ್ಡು ಇತ್ತ ತಿರುಗಿತು. "ನಿಮಗೇನು ಗೊತ್ತು ನಮ್ಮ ಮನೆ ಕಥೆ? ನಾಲ್ಕು ವರ್ಷದವಳಿದ್ದಾಗಲೇ ನನ್ನ ಜಡೆ ನಾನೇ ಹಾಕ್ಕೊಂಡಿದ್ದೀನಿ. ನನ್ನ ತಟ್ಟೆ ನಾನೇ ಬಡಿಸ್ಕೊಂಡಿದ್ದೀನಿ. ಜ್ವರ ಬಂದು ಮಲಗಿದ್ರೂ ಇವಳು ಇಸ್ತ್ರಿ ಮೇಜು ಬಿಟ್ಟು ಬಂದವಳಲ್ಲ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಒಂದು ತುತ್ತು ಇಟ್ಟದ್ದು ನನಗೆ ನೆನಪಿಲ್ಲ. ಈಗ ನನ್ನ ಕೈಯಿಂದ ತಿಂತಿದ್ದಾಳೆ. ಅದನ್ನೂ ಕಿತ್ಕೋತೀರಾ?"

ಇಸ್ತ್ರಿಯಮ್ಮ ಎಲ್ಲ ಕೇಳಿಸಿಕೊಂಡರು. ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಮಗಳು ಬ್ಯಾಗೆತ್ತಿಕೊಂಡು ಹೊರಟುಹೋದಳು. ತಟ್ಟೆ ಹಾಗೇ ವಾಪಸ್ಸು ಹೋಯಿತು. ನಾನು ಮಂಚದ ಅಂಚಿನಲ್ಲಿ ಕೂತು ಅವರಿಗೆ ಬಿಡಿಸಿ ಹೇಳಿದೆ. "ನೋಡಿಮ್ಮಾ, ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಡಾಕ್ಟ್ರು ಬರ್ತಾರೆ, ನಿಮ್ಮ ಮಗಳೂ ಇರ್ತಾಳೆ. ಅವಳ ಮುಂದೆ ನೀವೇ ಉಂಡ್ರೆ ಮನೆಗೆ. ಇಲ್ಲಾಂದ್ರೆ ಆ ಹಿಂದಿನ ಕಟ್ಟಡಕ್ಕೆ. ಅಲ್ಲಿ ಹೋದವರು ಬರಲ್ಲ. ಗೊತ್ತಾಯ್ತಾ?" ಅವರು ನನ್ನನ್ನು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಅಲ್ಲಿಂದ ಬುಧವಾರದವರೆಗೆ ಹತ್ತು ದಿನ. ನಡುವಿನ ಭಾನುವಾರ ಮಗಳು ಬರಲಿಲ್ಲ, ಸಿಟ್ಟು. ಆ ಹತ್ತು ದಿನ ಇಸ್ತ್ರಿಯಮ್ಮ ದುಡಿದ ಹಾಗೆ ಯಾವ ರೋಗಿಯೂ ದುಡಿದದ್ದನ್ನು ನಾನು ನೋಡಿಲ್ಲ. ಅಂಗಿ ಒಂಬತ್ತು ನಿಮಿಷಕ್ಕೆ ಇಳಿಯಿತು. ಊಟ ಎದೆಗೆ ಚೆಲ್ಲುವುದು ನಿಂತಿತು. ಗಂಜಿ ಮುಗಿದ ಮೇಲೂ ಖಾಲಿ ಚಮಚ ಹಿಡಿದು ಕೈಯನ್ನು ಗಾಳಿಯಲ್ಲಿ ನೇರವಾಗಿ ಚಾಚಿ ಅಲುಗದಂತೆ ನಿಲ್ಲಿಸಲು ಅಭ್ಯಾಸ ಮಾಡುತ್ತಿದ್ದರು. ನನ್ನ ಬೆದರಿಕೆ ಕೆಲಸ ಮಾಡಿತು ಅಂತ ಮನಸ್ಸಿನಲ್ಲೇ ಬೀಗಿದೆ.

ಬುಧವಾರ ಡಾಕ್ಟರು ಬಂದರು. ಕೆಟ್ಟವರಲ್ಲ, ಅವಸರದವರು. ಮಗಳು ರಜೆ ಹಾಕಿ ಬಂದು ಅದೇ ಸ್ಟೂಲಿನಲ್ಲಿ ಕೂತಿದ್ದಳು, ನನ್ನನ್ನು ನೋಡಲಿಲ್ಲ. ನಾನು ಕಾರ್ಡು ಹಿಡಿದುಕೊಂಡು ಒಂದೊಂದೇ ಸಾಲು ಓದಿದೆ. ಇಸ್ತ್ರಿಯಮ್ಮ ಎದ್ದರು. ಕಾಲು ಇಳಿಸಿದರು. ಕುರ್ಚಿಗೆ ಬಂದರು. ಕೋಲು ಹಿಡಿದು ಕಕ್ಕಸಿಗೆ ಹೋಗಿ ಬಂದರು. ಅಂಗಿ ಬಿಚ್ಚಿ ಹಾಕಿಕೊಂಡರು, ಐದೂ ಗುಂಡಿ ಸರಿಯಾದ ತೂತಿನಲ್ಲಿ. ಡಾಕ್ಟರು "ಭೇಷ್" ಅಂದರು. ಮಗಳು ಬಾಯಿ ಅರ್ಧ ತೆರೆದು ನೋಡುತ್ತಿದ್ದಳು. ಹತ್ತು ಸಾಲು ಮುಗಿದವು. ಉಳಿದದ್ದು ಊಟ ಒಂದೇ.

ಪಾಪಮ್ಮ ತಟ್ಟೆ ತಂದಿಟ್ಟಳು. ಇಸ್ತ್ರಿಯಮ್ಮ ಚಮಚ ಹಿಡಿದರು. ತುಂಬಿಕೊಂಡರು, ತಟ್ಟೆಯ ಅಂಚಿಗೆ ಒರೆಸಿ ತೊಟ್ಟಿಕ್ಕುವುದನ್ನು ತೆಗೆದರು, ಎತ್ತಿದರು. ಆ ಚಮಚ ಅವರ ಬಾಯಿಯ ಕಡೆ ಹೋಗಲಿಲ್ಲ. ಮಗಳ ಕಡೆ ಹೋಯಿತು. ಕೈ ಪೂರ್ತಿ ಚಾಚಿ, ನಡುಗದಂತೆ ಹಲ್ಲು ಕಚ್ಚಿ, ಮಗಳ ಮುಖದ ಹತ್ತಿರ ಹಿಡಿದು ನಿಲ್ಲಿಸಿದರು.

ಮಗಳು ಒಂದು ಕ್ಷಣ ನೋಡಿದಳು. ಆಮೇಲೆ, "ಕೊಡಮ್ಮ, ನಾನೇ ತಿನ್ನಿಸ್ತೀನಿ," ಅಂತ ಚಮಚವನ್ನು ತಾಯಿಯ ಕೈಯಿಂದ ಬಿಡಿಸಿಕೊಂಡು ತಾಯಿಯ ಬಾಯಿಗೇ ಇಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಅನ್ನಿಸಿ ಡಾಕ್ಟರ ಮುಂದೆಯೇ ಕೂಗಿಬಿಟ್ಟೆ: "ನಾಟಕ ಮಾಡಬೇಡಿ ಅಮ್ಮಾ! ನಿಮ್ಮ ಕೈಲಿ ಆಗುತ್ತೆ ಅಂತ ನನಗೆ ಗೊತ್ತು. ಚಮಚ ತಗೊಂಡು ಉಣ್ಣಿ!"

ಇಸ್ತ್ರಿಯಮ್ಮ ನನ್ನ ಕಡೆ ತಿರುಗಿದರು. ಬಾಯಲ್ಲಿದ್ದ ಗಂಜಿ ತುಟಿಯಿಂದ ಇಳಿಯಿತು. "ದರಿದ್ರದ್ದು," ಅಂದರು. ಅಷ್ಟು ದಿನ ಬೈಯುತ್ತಿದ್ದ ಗತ್ತು ಅದರಲ್ಲಿರಲಿಲ್ಲ. ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ತಲೆ ತಗ್ಗಿಸಿದರು. ಮತ್ತೆ ಎತ್ತಲಿಲ್ಲ.

"ನಿಮ್ಮ ಮುಂದೆ ಇವರು ತಾವಾಗಿ ಉಂಡದ್ದು ನೋಡಿದ್ದೀರಾ?" ಅಂತ ಡಾಕ್ಟರು ಮಗಳನ್ನು ಕೇಳಿದರು.

"ಒಂದು ಸಲವೂ ಇಲ್ಲ."

"ಡಾಕ್ಟ್ರೇ, ದಿನಾ ಉಣ್ತಾರೆ, ಕಾರ್ಡು ನೋಡಿ," ಅಂದೆ ನಾನು.

"ನೋಡ್ದೆ ಸಿಸ್ಟರ್. ಆದ್ರೆ ಮನೇಲಿ ನೀವಿರಲ್ಲ, ಇವರಿರ್ತಾರೆ. ಇವರನ್ನ ಕಂಡ್ರೆ ಆಯಮ್ಮ ಕೈ ಬಿಡ್ತಾರೆ ಅಂದ್ರೆ, ಸಂಜೆ ಇವರು ಬರೋ ತನಕ ಹಸ್ಕೊಂಡು ಕೂತ್ರೆ ಏನು ಮಾಡೋದು?" ಪೆನ್ನು ತೆಗೆದರು. "ಇನ್ನೊಂದು ವಾರ ಕೊಡೋಣ ಅಂದ್ರೆ ಮಂಚಕ್ಕೆ ಆಗಲೇ ಮೂವರು ಕಾಯ್ತಿದ್ದಾರೆ."

ಶುಕ್ರವಾರ ಇಸ್ತ್ರಿಯಮ್ಮನನ್ನು ಅಂಗಳ ದಾಟಿಸಿದರು. ನಡೆಯಬಲ್ಲ ಹೆಂಗಸನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರು, ಅಲ್ಲಿನ ಪದ್ಧತಿ ಹಾಗೆ. ನಾನು ಕಿಟಕಿಯಿಂದ ನೋಡಿದೆ. ಹಟಮಾರಿ ಮುದುಕಿ, ಮಾಡಿದ್ದುಣ್ಣೋ ಮಹರಾಯ ಅಂತ ಅಂದುಕೊಂಡೆ. ಅಂದುಕೊಂಡೆ ಅಂತ ಈಗ ಬರೆಯಲು ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹೊಸ ರೋಗಿಯೊಬ್ಬನಿಗೆ ಚಮಚ ಹಿಡಿಯಲು ಹೇಳಿಕೊಡುತ್ತಿದ್ದೆ. ಪಕ್ಕದಲ್ಲಿ ತಟ್ಟೆ ಎತ್ತುತ್ತಿದ್ದ ಪಾಪಮ್ಮ ತನ್ನಷ್ಟಕ್ಕೇ ನಕ್ಕಳು.

"ಏನೇ ನಗು?"

"ಇಸ್ತ್ರಿಯಮ್ಮ ನೆನಪಾದ್ರು ಸಿಸ್ಟರ್. ಕೊನೆ ದಿನಗಳಲ್ಲಿ ನೀವು ಮನೆಗೆ ಹೋದ ಮೇಲೆ ದಿನಾ ನನ್ನನ್ನ ಮುಂದೆ ಕೂರಿಸ್ಕೊಂಡು ಬಾಯಿ ತೆರಿ ಅಂತ ಸನ್ನೆ ಮಾಡೋರು. ಚಮಚ ತಂದು ನನ್ನ ಬಾಯಿಗೆ ಇಡೋರು. ಮೊದಮೊದಲು ಮೂಗಿಗೆ ಹೋಗೋದು, ಕೆನ್ನೆಗೆ ಹೋಗೋದು. ಕೊನೆಗೆ ಸರಿಯಾಗಿ ಬಾಯಿಗೇ ಬರ್ತಿತ್ತು. ಆ ಖುಷಿ ನೋಡಬೇಕಿತ್ತು ನೀವು. ಅಯ್ಯೋ ಪಾಪ, ಮಗಳಿಗೆ ತಿನ್ನಿಸಬೇಕು ಅಂತ ಎಷ್ಟು ಆಸೆ ಇತ್ತೋ. ಆವತ್ತು ಚಮಚ ಮುಂದೆ ಹಿಡಿದ್ರಲ್ಲ, ಆ ಮಗಳಿಗೂ ತಿಳೀಲಿಲ್ಲ."

ಚಮಚ ಕೆಳಗಿಟ್ಟು ಅವಳ ಕಡೆ ತಿರುಗಿದೆ. "ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ತಿನ್ನಿಸೋ ಮಾತೆತ್ತಿದ್ರೆ ನೀವು ಬೈತೀರಲ್ಲ," ಅಂದಳು.

ಹೋಗಿ ಖಾಲಿ ಕಾರ್ಡೊಂದನ್ನು ತೆಗೆದು ನೋಡಿದೆ. ತಾನೇ, ಆಸರೆ ಕೊಟ್ಟರೆ, ಪೂರ್ತಿ ನಾವೇ. ಇನ್ನೊಬ್ಬರಿಗೆ ಅನ್ನುವ ಕಲಂ ಇರಲಿಲ್ಲ. ಆ ಹೆಂಗಸಿನಲ್ಲಿ ಏನು ಉಳಿದಿದೆ ಅಂತ ಇಪ್ಪತ್ತೆಂಟು ವರ್ಷದ ಅನುಭವದ ಕಣ್ಣಿನಿಂದ ಆರು ವಾರ ಹುಡುಕಿದವಳು ನಾನು. ತಾವಾಗಿ ಉಣ್ಣುವುದು ಅವರಿಗೆ ದೊಡ್ಡದಾಗಿರಲಿಲ್ಲ, ಅದನ್ನು ಜೀವಮಾನವಿಡೀ ಮಾಡಿದ್ದರು. ಮಗಳ ಮಾತು ಕೇಳಿಸಿಕೊಂಡು, ನಲವತ್ತು ವರ್ಷ ಬಲಗೈ ಮಾಡದೆ ಬಿಟ್ಟದ್ದನ್ನು ಹತ್ತು ದಿನದಲ್ಲಿ ಎಡಗೈಗೆ ಕಲಿಸಿದ್ದರು. ನಾನು ಅದಕ್ಕೆ ನಾಟಕ ಅಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವತ್ತೇ ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಅವಳ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ.

"ಎಲ್ಲಿಗೆ?" ಅಂದಳು ತಲೆಯೆತ್ತದೆ.

"ನಾನು, ಸಿಸ್ಟರ್."

ಗಾಜಿನ ತೂತಿಗೆ ಬಾಯಿ ಇಟ್ಟು ಎಲ್ಲ ಹೇಳಿದೆ. ಪಾಪಮ್ಮನ ಮೂಗು, ಕೆನ್ನೆ, ಎಲ್ಲ. ಅವಳ ಬೆರಳು ಟಿಕೆಟಿನ ಕಟ್ಟಿನ ಮೇಲೆ ನಿಂತುಹೋಯಿತು.

"ನನಗಾ?" ಅಂದಳು. "ನನಗೆ ತಿನ್ನಿಸೋಕಾ?"

ಹಿಂದಿನಿಂದ ಯಾರೋ, "ರೀ, ಬೇಗ ಮಾಡ್ರಿ, ಬಸ್ಸು ಹೊರಟಿದೆ," ಅಂದರು. ಅವಳು ನನ್ನ ಭುಜದ ಪಕ್ಕದಿಂದ ಕೈ ಚಾಚಿದವರಿಗೆಲ್ಲ ಟಿಕೆಟ್ ಹರಿದು ಕೊಟ್ಟಳು. ಕೊಟ್ಟು ಮುಗಿಸಿ ಕಣ್ಣು ಒರೆಸಿಕೊಂಡಳು.

"ಆವತ್ತು ನೀವೇ ತಾನೇ ನಾಟಕ ಅಂದಿದ್ದು?"

"ಅಂದೆ. ತಪ್ಪಾಯ್ತು. ಈಗಲೂ ಕಾಲ ಮಿಂಚಿಲ್ಲ. ನಾನು ಡಾಕ್ಟ್ರ ಕಾಲು ಹಿಡೀತೀನಿ, ಇನ್ನೊಂದು ಸಲ ನೋಡ್ತಾರೆ. ನೀವು ಸುಮ್ಮನೆ ಬಾಯಿ ತೆರೆದು ಕೂತ್ಕೊಳ್ಳಿ ಸಾಕು. ನಿಮಗೆ ತಿನ್ನಿಸಿದ ಮೇಲೆ ಅವರೂ ಉಣ್ತಾರೆ. ಮನೆಗೆ ಕರ್ಕೊಂಡು ಹೋಗಬಹುದು."

ಅವಳು ಟಿಕೆಟಿನ ಕಟ್ಟನ್ನು ಸರಿಮಾಡಿ ಇಟ್ಟಳು. ಆಮೇಲೆ, "ಬೇಡ ಸಿಸ್ಟರ್," ಅಂದಳು.

"ಯಾಕೆ?"

"ಮನೆಗೆ ಬಂದ್ರೆ ಏನಾಗುತ್ತೆ ಹೇಳ್ಲಾ? ಒಂದು ವಾರ ನನಗೆ ತಿನ್ನಿಸ್ತಾಳೆ. ಆಮೇಲೆ ಅವಳ ತಟ್ಟೆ ಅವಳಿಗೆ, ನನ್ನ ತಟ್ಟೆ ನನಗೆ. ಅವಳಿಗೆ ಯಾರೂ ಬೇಕಾಗಲ್ಲ. ನೀವು ಆರು ವಾರ ಕಲಿಸಿದ್ದು ಅದನ್ನೇ ಅಲ್ವಾ? ಅಲ್ಲಿ ಹೋದ ಭಾನುವಾರ ನಾನು ಹೋದಾಗ ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ಕೊಂಡು ಕೂತಿದ್ಲಂತೆ. ನನಗೋಸ್ಕರ. ನನಗೆ ಯಾರೂ ಯಾವತ್ತೂ ಕಾದಿಲ್ಲ ಸಿಸ್ಟರ್. ಹಾಗೇ ಇರಲಿ ಬಿಡಿ." ಆಮೇಲೆ ಸಾಲಿನ ಕಡೆ ಕತ್ತು ಎತ್ತಿ, "ಮುಂದೆ ಬನ್ನಿ, ಎಲ್ಲಿಗೆ?" ಅಂದಳು.

ಆ ಗಾಜು ಒಡೆದು ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಅವಳ ಮೇಲಿನ ಸಿಟ್ಟಿಗೋ ನನ್ನ ಮೇಲಿನ ಸಿಟ್ಟಿಗೋ ಅಂತ ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಮೂರು ತಿಂಗಳು ನಾನು ಹಿಂದಿನ ಕಟ್ಟಡದ ಕಡೆ ಹೋಗಲಿಲ್ಲ. ಅದು ನನ್ನ ವಾರ್ಡಲ್ಲ, ಅಲ್ಲಿನವರಿಗೆ ನಾನು ಹೋದರೆ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮುಖ ತೋರಿಸಲು ಹೆದರಿಕೆ. ಕೊನೆಗೆ ಒಂದು ಮಂಗಳವಾರ ಮಧ್ಯಾಹ್ನ ಅಂಗಳ ದಾಟಿದೆ. ಉದ್ದದ ಹಾಲು, ಮೂವತ್ತು ಮಂಚ, ಇ‌ಬ್ಬರು ಆಯಾಗಳು ಎಲ್ಲರ ತಟ್ಟೆಗೂ ಗಂಜಿ ಬಡಿಸಿಟ್ಟು ಆ ತುದಿಯಿಂದ ತಿನ್ನಿಸುತ್ತಾ ಬರುತ್ತಿದ್ದರು. ಇಸ್ತ್ರಿಯಮ್ಮ ಈ ತುದಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮೈ ಬಂದಿತ್ತು. ಯಾರೋ ತಲೆ ಬಾಚಿ, ಅಂಗಿಯ ಗುಂಡಿಯನ್ನು ಅಚ್ಚುಕಟ್ಟಾಗಿ ಹಾಕಿದ್ದರು. ಮುಂದೆ ತಟ್ಟೆಯಲ್ಲಿ ಗಂಜಿ ಆರುತ್ತಿತ್ತು. ನನ್ನನ್ನು ಕಂಡು ಮುಖ ಅರಳಿತು. ಬೈಯಲಿಲ್ಲ.

"ಮಗಳು ಬರ್ತಾಳಾ?" ಅಂತ ಪಕ್ಕದ ಮಂಚದವಳನ್ನು ಕೇಳಿದೆ. "ಬರ್ತಿದ್ಲು. ಈಗ ಭಾನುವಾರವೂ ಡ್ಯೂಟಿ ಹಾಕಿದ್ದಾರಂತೆ, ತಿಂಗಳಿಗೊಮ್ಮೆ ಬರ್ತಾಳೆ," ಅಂದಳು.

ನಾನು ಸ್ಟೂಲು ಎಳೆದುಕೊಂಡು ಇಸ್ತ್ರಿಯಮ್ಮನ ಎದುರಿಗೆ ಕೂತೆ. ಚಮಚ ತೆಗೆದು ಅವರ ಎಡಗೈಯಲ್ಲಿಟ್ಟು ಬೆರಳು ಮುಚ್ಚಿದೆ. "ಅಮ್ಮಾ, ನನಗೆ ಹಸಿವಾಗಿದೆ," ಅಂದೆ. "ನನಗೊಂದು ತುತ್ತು ತಿನ್ನಿಸಿ." ಅಂದು ಬಾಯಿ ತೆರೆದೆ.

ಅವರು ನನ್ನ ಬಾಯಿಯನ್ನು ನೋಡಿದರು. ಅರ್ಥವಾಗಿತ್ತು, ಕಣ್ಣು ಹೇಳುತ್ತಿತ್ತು. ಕೈ ಎದ್ದಿತು, ತಟ್ಟೆಯ ಅಂಚಿನವರೆಗೆ ಬಂತು, ಅಲ್ಲಿ ನಡುಗಿತು. ಮೊಣಕೈ ಬಿಗಿದುಹೋಗಿತ್ತು. ಇನ್ನೊಮ್ಮೆ ಎತ್ತಲು ನೋಡಿದರು, ಚಮಚ ಬೆರಳ ಸಂದಿಯಿಂದ ಜಾರಿ ಗಂಜಿಯಲ್ಲಿ ಬಿತ್ತು. ಅವರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು, ಯಾರದೋ ಮನೆಯ ಬಟ್ಟೆ ತಮ್ಮ ಮೇಜಿಗೆ ಬಂದಿದೆ ಅನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, ನಾಚಿಕೆಯಿಂದ ನಕ್ಕು, ತಾವೇ ಬಾಯಿ ತೆರೆದರು.

ಆಯಾಗಳು ಇನ್ನೂ ಇಪ್ಪತ್ತು ಮಂಚ ದೂರವಿದ್ದರು. ಇಸ್ತ್ರಿಯಮ್ಮನಿಗೆ ಹಸಿದಿತ್ತು. ನಾನು ಚಮಚ ತೆಗೆದು ಒರೆಸಿ, ತುಂಬಿಸಿ, ಅವರಿಗೆ ತಿನ್ನಿಸಿದೆ.